1.6 ಮಿಯಾಟಾಗೆ 1.8ರ ಬ್ರೇಕ್ ಕೂರಿಸುವುದು: ಬಿಚ್ಚುವುದರಿಂದ ಪ್ಯಾಡ್ ಹದಗೊಳಿಸುವ ತನಕ

1990ರಿಂದ 1993ರೊಳಗಿನ 1.6 ಲೀಟರ್ ಮಜ್ದಾ ಮಿಯಾಟಾ ನಿಮ್ಮಲ್ಲಿದ್ದರೆ, ಅದೇ ಕಾರಿನ ನಂತರದ ಮಾದರಿಯ ಭಾಗಗಳನ್ನು ಹಾಕಿ ಅದರ ಬ್ರೇಕನ್ನು ದೊಡ್ಡದು ಮಾಡಬಹುದು. ವೆಲ್ಡಿಂಗ್ ಬೇಡ, ಲೇತ್ ಕೆಲಸ ಬೇಡ, ಹೊಸ ತೂತು ಕೊರೆಯುವುದೂ ಬೇಡ. 1994ರ ಮಾದರಿಗೆ 1.8 ಲೀಟರ್ ಎಂಜಿನ್ ಬಂದಾಗ ಮಜ್ದಾ ಬ್ರೇಕನ್ನೂ ಹಿಗ್ಗಿಸಿತು, ಆದರೆ ಹಬ್ಬಿನ (ಚಕ್ರವೂ ಬ್ರೇಕ್ ಡಿಸ್ಕೂ ಕೂರುವ ನಡುಭಾಗದ) ಅಳತೆಯನ್ನಾಗಲಿ, ಕ್ಯಾಲಿಪರನ್ನು (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗವನ್ನು) ಹಿಡಿದಿಡುವ ಬ್ರ್ಯಾಕೆಟ್ ಕೂರುವ ಬೋಲ್ಟಿನ ಜಾಗವನ್ನಾಗಲಿ ಬದಲಿಸಲಿಲ್ಲ. ಹಾಗಾಗಿ ಹಳೆಯ ಗಾಡಿಗೆ ಹೊಸದರ ಬ್ರೇಕ್ ಬೋಲ್ಟು ಬಿಗಿದ ಮಾತ್ರಕ್ಕೆ ಕೂತುಕೊಳ್ಳುತ್ತದೆ. ಕಾರ್ಖಾನೆಯೇ ಲೆಕ್ಕ ಹಾಕಿ, ಪರೀಕ್ಷಿಸಿ, ಲಕ್ಷಾಂತರ ಗಾಡಿಗಳಲ್ಲಿ ಓಡಿಸಿದ ಭಾಗಗಳಿವು. ಹೊರಗಿನ ದುಬಾರಿ ಕಿಟ್‌ಗಿಂತ ಇದನ್ನೇ ನಾನು ಮೊದಲು ಸೂಚಿಸುವುದು ಅದಕ್ಕಾಗಿ.

ಈ ಕಾರು ಭಾರತದ ಶೋರೂಮಿಗೆ ಬಂದದ್ದಲ್ಲ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಮಾತ್ರ ಸುಲಭಕ್ಕೆ ಸಿಗುವಂಥದು. ಊರಿನಲ್ಲಿದ್ದುಕೊಂಡು ಬೇರೆ ಕಾರಿಗೆ ಇಂಥ ಕೆಲಸ ಮಾಡಬೇಕೆಂದಿರುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಿಕೊಳ್ಳಿ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹೊರದೇಶದಲ್ಲಿರುವವರು ವಿಮಾ ಕಂಪನಿಗೆ ಮೊದಲೇ ತಿಳಿಸಿಬಿಡಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ದೊಡ್ಡ ಬ್ರೇಕ್ ಹಾಕಿದರೆ ಗಾಡಿ ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಪೆಡಲನ್ನು ಬಲವಾಗಿ ತುಳಿದಾಗ ನಿಮ್ಮ ಈಗಿನ ಬ್ರೇಕ್ ಚಕ್ರವನ್ನು ಲಾಕ್ ಮಾಡಬಲ್ಲದಾದರೆ, ನಿಲ್ಲುವ ದೂರವನ್ನು ಗೊತ್ತುಮಾಡುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ಮೊದಲ ಒಂದು ನಿಲುಗಡೆಯಲ್ಲಿ 1.6ರ ಬ್ರೇಕಿಗೂ 1.8ರ ಬ್ರೇಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ನಿಲ್ಲುವ ದೂರವೇ ಕಡಿಮೆಯಾಗಬೇಕೆಂದರೆ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ.

ವ್ಯತ್ಯಾಸ ಕಾಣುವುದು ಐದನೆಯ, ಹತ್ತನೆಯ ನಿಲುಗಡೆಯಲ್ಲಿ, ಬಿಸಿ ಏರಿದ ಮೇಲೆ. ಇಬ್ಬರನ್ನು ಕೂರಿಸಿಕೊಂಡ ಮಿಯಾಟಾ ಸುಮಾರು 1,100 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಿದರೆ ಹತ್ತಿರ ಹತ್ತಿರ 4.25 ಲಕ್ಷ ಜೂಲ್ ಶಕ್ತಿ ಶಾಖವಾಗಿ ಬ್ರೇಕಿಗೆ ಇಳಿಯುತ್ತದೆ. ಅದರಲ್ಲಿ ಶೇ. 70ರಷ್ಟು ಮುಂದಿನ ಚಕ್ರಗಳ ಪಾಲೆಂದರೆ ಒಂದೊಂದು ಮುಂದಿನ ಡಿಸ್ಕಿಗೆ ಸುಮಾರು 1.5 ಲಕ್ಷ ಜೂಲ್. ಡಿಸ್ಕ್ ನಾಲ್ಕು ಕೆ.ಜಿ. ತೂಗಿದರೆ ಅಷ್ಟು ಶಾಖಕ್ಕೆ ಅದರ ಬಿಸಿ ಸುಮಾರು 80 ಡಿಗ್ರಿ ಏರುತ್ತದೆ. ಐದು ಕೆ.ಜಿ.ಯ ಡಿಸ್ಕಾದರೆ 65 ಡಿಗ್ರಿಯ ಆಸುಪಾಸು. ಉದ್ದದ ಘಟ್ಟ ಇಳಿಯುವಾಗ ಅಥವಾ ರೇಸ್ ಟ್ರ್ಯಾಕಿನಲ್ಲಿ ಈ ಬಿಸಿ ಆರುವ ಮೊದಲೇ ಮುಂದಿನ ಕಂತು ಸೇರಿಕೊಳ್ಳುತ್ತದೆ. ಡಿಸ್ಕ್ ಕಾದು ಪ್ಯಾಡ್ ಜಾರತೊಡಗುತ್ತದೆ, ಆ ಶಾಖ ಪ್ಯಾಡನ್ನು ಒತ್ತುವ ಪಿಸ್ಟನ್ ದಾಟಿ ಬ್ರೇಕ್ ಆಯಿಲ್ ತಲುಪಿದರೆ ಅದು ಕುದ್ದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಆಗ ಪೆಡಲ್ ನೆಲಕ್ಕೆ ಹೋಗುತ್ತದೆ. ಈ ಕೆಲಸದ ಉದ್ದೇಶ ಆ ಗಳಿಗೆಯನ್ನು ದೂರಕ್ಕೆ ತಳ್ಳುವುದು.

ಜೊತೆಗೆ ಇನ್ನೊಂದು ಲಾಭ. ಡಿಸ್ಕಿನ ಅಂಚು ಮೊದಲಿಗಿಂತ 10 ಮಿ.ಮೀ. ಹೊರಗೆ ಹೋಗುವುದರಿಂದ ಪ್ಯಾಡ್ ಹಿಡಿಯುವ ಜಾಗವೂ ಅಷ್ಟೇ ಹೊರಗೆ ಸರಿಯುತ್ತದೆ. ಅಷ್ಟೇ ತುಳಿತಕ್ಕೆ ಚಕ್ರದ ಮೇಲೆ ಸುಮಾರು ಶೇ. 10ರಷ್ಟು ಹೆಚ್ಚು ತಡೆ ಬೀಳುತ್ತದೆ.

ಯಾವ ಸೆಟ್?

1.6ರ ಡಿಸ್ಕ್ ಮುಂದೆ 235 ಮಿ.ಮೀ., ಹಿಂದೆ 231 ಮಿ.ಮೀ. 1994ರಿಂದ ಬಂದ 1.8ರದು ಮುಂದೆ 255, ಹಿಂದೆ 251. ಎರಡನೆಯ ತಲೆಮಾರಿನ, ಅಂದರೆ 1999ರಿಂದ 2005ರ ತನಕದ ಸಾಮಾನ್ಯ ಗಾಡಿಗಳಲ್ಲೂ ಇದೇ ಅಳತೆ. 2001ರಿಂದ ಕೆಲವು ಗಾಡಿಗಳಿಗೆ ‘ಸ್ಪೋರ್ಟ್’ ಬ್ರೇಕ್ ಕೊಟ್ಟರು. ಅದರಲ್ಲಿ ಮುಂದೆ 270, ಹಿಂದೆ 276.

ರಸ್ತೆಯಲ್ಲಿ ಓಡಿಸುವ, ಕಾರ್ಖಾನೆಯ 14 ಇಂಚಿನ ಚಕ್ರವನ್ನೇ ಉಳಿಸಿಕೊಳ್ಳುವ ಗಾಡಿಗೆ 1.8ರ ಸೆಟ್ಟೇ ಸರಿ. 1994ರ ಗಾಡಿಗಳೂ 14 ಇಂಚಿನ ಚಕ್ರದಲ್ಲೇ ಬಂದವು, ಹಾಗಾಗಿ ತಾಗುವ ಭಯವಿಲ್ಲ. ಸ್ಪೋರ್ಟ್ ಬ್ರೇಕಿಗೆ ಕನಿಷ್ಠ 15 ಇಂಚಿನ ಚಕ್ರ ಬೇಕು. ಅದನ್ನು ಹಾಕುವವರು ಡಿಕ್ಕಿಯಲ್ಲಿರುವ ಸ್ಟೆಪ್ನಿ ಕ್ಯಾಲಿಪರಿಗೆ ತಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ರಾತ್ರಿ ಹೊತ್ತು ಪಂಕ್ಚರ್ ಆದಾಗ ಅದು ಗೊತ್ತಾಗುತ್ತದೆ. ಸ್ಪೋರ್ಟ್ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಭಾಗ), ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸುವ ಭಾಗ) ಕೂಡ ದೊಡ್ಡವು. 1.8ರ ಸೆಟ್ಟಿಗೆ ಆ ತಾಪತ್ರಯವಿಲ್ಲ, ಹಳೆಯ ಮಾಸ್ಟರ್ ಸಿಲಿಂಡರ್ ಸಾಕು. ಇಲ್ಲಿಂದ ಮುಂದೆ ಹೇಳುವುದೆಲ್ಲ 1.8ರ ಸೆಟ್ಟಿನ ಬಗ್ಗೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಮುಂದಿನದು, ಹಿಂದಿನದು ಎರಡನ್ನೂ ಒಟ್ಟಿಗೇ ಬದಲಿಸಿ. ಮುಂದಿನದನ್ನಷ್ಟೇ ದೊಡ್ಡದು ಮಾಡಿದರೆ ಹಿಂದಿನ ಚಕ್ರ ತನ್ನ ಪಾಲಿನ ಕೆಲಸ ಮಾಡದು. ಹಿಂದಿನದನ್ನಷ್ಟೇ ಮಾಡಿದರೆ ಅಪಾಯ ಇನ್ನೂ ದೊಡ್ಡದು. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಮುಂದೆ-ಹಿಂದಿನ ಹಂಚಿಕೆಯನ್ನು ಮಜ್ದಾ ಎಂಜಿನಿಯರುಗಳು ಆಗಲೇ ಕೂರಿಸಿ ಕೊಟ್ಟಿದ್ದಾರೆ, ಸೆಟ್ಟನ್ನು ಒಡೆದರೆ ಅವರ ಕೆಲಸವೆಲ್ಲ ವ್ಯರ್ಥ.

ಮೊದಲು ಈಗಿರುವ ಬ್ರೇಕನ್ನು ನೋಡಿ

ಈ ಗಾಡಿಗಳಿಗೆ ಮೂವತ್ತು ವರ್ಷ ದಾಟಿದೆ. ‘ಬ್ರೇಕ್ ಸಾಲದು’ ಎನ್ನುವ ಎಷ್ಟೋ ಗಾಡಿಗಳಲ್ಲಿ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ರಬ್ಬರ್ ಹೋಸ್ ಬಿರುಕು ಬಿಟ್ಟಿರುತ್ತದೆ. ಹೋಸ್, ಮಾಸ್ಟರ್ ಸಿಲಿಂಡರ್, ಲೋಹದ ಪೈಪ್ ಇವುಗಳಲ್ಲಿ ಯಾವುದೇ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ರೋಗವಿರುವ ವ್ಯವಸ್ಥೆಗೆ ದೊಡ್ಡ ಡಿಸ್ಕ್ ಹಾಕಿ ಪ್ರಯೋಜನವಿಲ್ಲ.

ಸಾಮಾನು ಕೂಡಿಹಾಕುವುದು

ಗುಜರಿ ಅಂಗಳದಿಂದ ತರಬೇಕಾದದ್ದು 1.8ರ ನಾಲ್ಕೂ ಕ್ಯಾಲಿಪರ್ ಮತ್ತು ನಾಲ್ಕೂ ಬ್ರ್ಯಾಕೆಟ್. ಇವೆರಡನ್ನು ಒಂದೇ ಗಾಡಿಯಿಂದ ಜೋಡಿಯಾಗಿಯೇ ಬಿಚ್ಚಿ ತನ್ನಿ. ಬ್ರ್ಯಾಕೆಟ್ ಬೋಲ್ಟುಗಳನ್ನೂ ಬಿಡಬೇಡಿ. ಹಿಮ ಬೀಳುವ ಊರುಗಳಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಅಲ್ಲಿಯ ಭಾಗಗಳು ತುಕ್ಕು ತಿಂದಿರುತ್ತವೆ. ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಒಣ ರಾಜ್ಯಗಳ ಭಾಗಗಳು ಚೆನ್ನಾಗಿರುತ್ತವೆ, ಅಂಚೆ ಖರ್ಚು ಕೊಟ್ಟು ತರಿಸಿದರೂ ನಷ್ಟವಿಲ್ಲ.

ಕೊಳ್ಳುವ ಮುಂಚೆ ಪಿನ್ ಕೈಯಲ್ಲಿ ಸಲೀಸಾಗಿ ಜಾರುತ್ತದೆಯೇ, ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಹರಿದಿದೆಯೇ, ಏರ್ ತೆಗೆಯುವ ನಿಪ್ಪಲ್ ತಿರುಗುತ್ತದೆಯೇ ಎಂದು ನೋಡಿ. ತಿರುಗದ ನಿಪ್ಪಲ್ ಮುರಿಯುವುದೇ ಹೆಚ್ಚು, ಮುರಿದರೆ ಆ ಕ್ಯಾಲಿಪರ್ ಕೈಬಿಟ್ಟಂತೆಯೇ. ಹಿಂದಿನ ಕ್ಯಾಲಿಪರಿನ ಹ್ಯಾಂಡ್ ಬ್ರೇಕ್ ಲಿವರ್ ಎಳೆದು ಬಿಟ್ಟರೆ ಸ್ಪ್ರಿಂಗಿನ ಬಲದಿಂದ ತಾನಾಗಿ ಹಿಂದಕ್ಕೆ ಬರಬೇಕು.

ಹಳೆಯ ಕ್ಯಾಲಿಪರಿಗೆ ಸೀಲ್ ಕಿಟ್ ಹಾಕಿಯೇ ಬಳಸಿ. ಪಿಸ್ಟನ್ ಮೇಲೆ ಗುಳಿ ಬಿದ್ದಿದ್ದರೆ ಪಿಸ್ಟನ್ನನ್ನೂ ಬದಲಿಸಿ. ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಸಾಮಾನ್ಯ ಗ್ರೀಸ್ ಯಾವುದನ್ನೂ ಹತ್ತಿರ ಸೇರಿಸಬೇಡಿ, ಆ ರಬ್ಬರ್ ಪೆಟ್ರೋಲಿಯಂ ತಾಗಿದರೆ ಉಬ್ಬುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು.

ಡಿಸ್ಕ್ ಮತ್ತು ಪ್ಯಾಡ್ ಹೊಸದೇ ಇರಲಿ, ಎರಡೂ 1.8ರವೇ ಆಗಿರಲಿ. ಪ್ಯಾಡ್ ವಿಷಯದಲ್ಲಿ ರೇಸಿನ ಪ್ಯಾಡ್‌ಗೆ ಮನಸೋಲಬೇಡಿ. ಅವು ಚೆನ್ನಾಗಿ ಕಾದ ಮೇಲೆ ಹಿಡಿಯುವಂಥವು, ಬೆಳಗಿನ ಚಳಿಯಲ್ಲಿ ಮೊದಲ ಸಿಗ್ನಲ್ಲಿನಲ್ಲಿ ಕೈಕೊಡುತ್ತವೆ. ಹೋಸ್ ಬಿಚ್ಚುವ ಪ್ರತಿ ಕೀಲಿಗೂ ಎರಡೆರಡು ಹೊಸ ತಾಮ್ರದ ವಾಷರ್, ಅಂದರೆ ಒಟ್ಟು ಎಂಟು ಬೇಕು.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ತನ್ನಿ. ಡಾಟ್ 3ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ನೀರು ಹೀರಿದ ಮೇಲೆ 140. ಡಾಟ್ 4ರದು 230 ಮತ್ತು 155. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು, ಅದನ್ನು ಇದರೊಂದಿಗೆ ಬೆರೆಸಲೇಬಾರದು. ಸೀಲ್ ಒಡೆದು ವರ್ಷವಾದ ಡಬ್ಬಿ ಮನೆಯಲ್ಲಿದ್ದರೆ ಅದನ್ನು ಬಳಸಬೇಡಿ, ಗಾಳಿಯ ತೇವವನ್ನು ಅದು ಹೀರಿಕೊಂಡಿರುತ್ತದೆ.

ಉಪಕರಣಗಳೇನೂ ಹೆಚ್ಚಿಲ್ಲ: ಜ್ಯಾಕ್, ನಾಲ್ಕು ಸ್ಟ್ಯಾಂಡ್, 14 ಮತ್ತು 17ರ ಸಾಕೆಟ್, ಚಕ್ರದ ನಟ್ಟಿಗೆ 21ರ ಸಾಕೆಟ್, 4 ಮಿ.ಮೀ. ಆಲನ್ ಕೀ, ಟಾರ್ಕ್ ವ್ರೆಂಚ್, ನಿಪ್ಪಲ್ಲಿಗೆ ಹೊಂದುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪ್, ಬಾಟಲಿ, ವೈರ್ ಬ್ರಷ್, ಬ್ರೇಕ್ ಕ್ಲೀನರ್. ಸಣ್ಣ ಆಲನ್ ಕೀಯನ್ನು ಮರೆಯಬೇಡಿ, ಅದಿಲ್ಲದೆ ಹಿಂದಿನ ಬ್ರೇಕ್ ಮುಗಿಯುವುದಿಲ್ಲ.

ಹಂತ 1: ಗಾಡಿ ಎತ್ತುವುದು

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಮುಂದೆ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ನಡುವೆ, ಹಿಂದೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಹಿಂದಿನ ಕ್ಯಾಲಿಪರ್ ಬಿಚ್ಚಬೇಕಾದ್ದರಿಂದ ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಎಡ ಬದಿ ಬಿಚ್ಚಿದ್ದಾಗ ಬಲ ಬದಿ ಹಾಗೇ ಇರಲಿ, ಯಾವುದು ಎಲ್ಲಿ ಕೂರುತ್ತದೆಂದು ನೋಡಿಕೊಳ್ಳಲು ಬೇಕಾಗುತ್ತದೆ.

ಹಂತ 2: ಮುಂದಿನ ಹಳೆಯ ಬ್ರೇಕ್ ಬಿಚ್ಚುವುದು

ಬ್ರ್ಯಾಕೆಟ್ ಹಿಡಿದಿರುವ ಎರಡು ಬೋಲ್ಟುಗಳನ್ನು ಹಿಂದಿನಿಂದ ಬಿಚ್ಚಿದರೆ ಕ್ಯಾಲಿಪರ್, ಬ್ರ್ಯಾಕೆಟ್ ಒಟ್ಟಿಗೇ ಹೊರಬರುತ್ತವೆ. ಅದನ್ನು ಹೋಸಿನಲ್ಲಿ ನೇತುಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಡಿಸ್ಕ್ ಹಬ್ಬಿಗೆ ತುಕ್ಕಿನಿಂದ ಅಂಟಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಸುತ್ತ ಸುತ್ತ ರಬ್ಬರ್ ಸುತ್ತಿಗೆಯಿಂದ ತಟ್ಟಿ.

ಡಿಸ್ಕ್ ಬಂದ ಮೇಲೆ ಹಬ್ಬಿನ ಮುಖವನ್ನು ವೈರ್ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಬೇಸರ ಪಟ್ಟು ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಅಲ್ಲಿ ಉಳಿದ ಒಂದು ಚೂರು ತುಕ್ಕು ಡಿಸ್ಕಿನ ಹೊರ ಅಂಚನ್ನು ಓಲಾಡಿಸುತ್ತದೆ. ಕೆಲವು ಸಾವಿರ ಕಿ.ಮೀ. ಕಳೆದ ಮೇಲೆ ಪೆಡಲ್ ನಡುಗುತ್ತದೆ, ಜನ ಡಿಸ್ಕ್ ಬಾಗಿದೆ ಎಂದು ದೂರುತ್ತಾರೆ. ಡಯಲ್ ಗೇಜ್ ಇದ್ದರೆ ಹೊಸ ಡಿಸ್ಕನ್ನು ನಟ್ಟುಗಳಿಂದ ಬಿಗಿದು ಓಲಾಟ ಅಳೆಯಿರಿ, 0.1 ಮಿ.ಮೀ. ಮೀರಬಾರದು.

ಹಂತ 3: ಹೊಸದನ್ನು ಕೂರಿಸುವುದು

ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಿರಲೆಂದು ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಎರಡೂ ಮುಖ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಡಿಸ್ಕನ್ನು ಹಬ್ಬಿಗೆ ಕೂರಿಸಿ ಕೈಯಿಂದ ತಿರುಗಿಸಿ. ಹಿಂಬದಿಯ ತಗಡಿನ ದೂಳುಕವಚ ಚಿಕ್ಕ ಡಿಸ್ಕಿಗೆ ಮಾಡಿದ್ದಾದ್ದರಿಂದ ಕೆಲವೊಮ್ಮೆ ದೊಡ್ಡ ಡಿಸ್ಕಿಗೆ ಕೆರೆಯುತ್ತದೆ. ಸದ್ದು ಬಂದರೆ ತಗಡನ್ನು ಹಿಂದಕ್ಕೆ ಬಾಗಿಸಿ, ಸಾಲದಿದ್ದರೆ ಅಂಚನ್ನು ಕತ್ತರಿಸಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಸೆನ್ಸರ್ ವೈರಿನ ಹತ್ತಿರ ಕತ್ತರಿ ಆಡಿಸಬೇಡಿ.

ಬ್ರ್ಯಾಕೆಟ್ ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಿ, ಆಮೇಲೆ ಟಾರ್ಕ್ ವ್ರೆಂಚ್ ಹಿಡಿಯಿರಿ. ಬಿಗಿತದ ಅಂಕಿಗಳನ್ನು ನಿಮ್ಮ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿಯೇ ಇಡಿ, ಕೈ ಅಂದಾಜು ಬೇಡ. ಪ್ಯಾಡ್ ಜಾರುವ ಸ್ಟೀಲ್ ಕ್ಲಿಪ್‌ಗಳನ್ನು ಹೊಸದಾಗಿ ಹಾಕಿ, ಪ್ಯಾಡಿನ ಕಿವಿಗಳಿಗೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ.

ಈಗ ಹಳೆಯ ಕ್ಯಾಲಿಪರಿನಿಂದ ಹೋಸ್ ಬಿಚ್ಚಿ ಹೊಸದಕ್ಕೆ ಹಾಕುವ ಸರದಿ. ಬ್ರೇಕ್ ಪೆಡಲನ್ನು ಮೂರ್ನಾಲ್ಕು ಸೆಂ.ಮೀ. ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಆನಿಸಿ ಇಡಿ. ಮಾಸ್ಟರ್ ಸಿಲಿಂಡರಿನ ಒಳಗಿನ ರಂಧ್ರ ಮುಚ್ಚಿಕೊಳ್ಳುತ್ತದೆ, ಹೋಸ್ ಬಿಚ್ಚಿದರೂ ಆಯಿಲ್ ಧಾರೆಯಾಗಿ ಸುರಿಯುವುದಿಲ್ಲ. ಹೋಸನ್ನು ಇಕ್ಕಳದಲ್ಲಿ ಹಿಸುಕುವುದಕ್ಕಿಂತ ಇದು ಎಷ್ಟೋ ಮೇಲು. ಹಳೆಯ ವಾಷರ್ ಎಸೆದು ಎರಡೂ ಬದಿಗೆ ಹೊಸದು ಹಾಕಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಹೋಸ್ ತಿರುಚಿಕೊಂಡಿಲ್ಲ, ಚಕ್ರಕ್ಕೆ ತಾಗುವುದಿಲ್ಲ ಎಂದು ಖಚಿತಮಾಡಿಕೊಳ್ಳಿ.

ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಬಾಡಿ ಮೇಲೆ ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ.

ಎಡ-ಬಲ ಅದಲುಬದಲಾಗದಂತೆ ಎಚ್ಚರ. ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಕೆಳಗೆ ಬಂದಿದ್ದರೆ ಬಲದ್ದನ್ನು ಎಡಕ್ಕೆ ಹಾಕಿದ್ದೀರಿ. ಗಾಳಿ ಮೇಲೆ ಸೇರಿಕೊಳ್ಳುವುದರಿಂದ ಎಷ್ಟು ಪಂಪ್ ಮಾಡಿದರೂ ಹೊರಗೆ ಬಾರದು.

ಹಂತ 4: ಹಿಂದಿನ ಚಕ್ರ

ಬಿಚ್ಚುವ ಕ್ರಮ ಮುಂದಿನಂತೆಯೇ, ಹ್ಯಾಂಡ್ ಬ್ರೇಕ್ ಕೇಬಲ್ಲೊಂದು ಹೆಚ್ಚಿನದು. ಅದರ ಕ್ಲಿಪ್ ಎಳೆದು, ಲಿವರಿನಿಂದ ಕೊಕ್ಕೆ ಬಿಡಿಸಿ.

ಈ ಕಾರಿನ ಹಿಂದಿನ ಕ್ಯಾಲಿಪರಿನ ಗುಟ್ಟು ತಿಳಿಯದೆ ಬಹಳ ಮಂದಿ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ಒತ್ತಲು ಹೋಗಿ ಒಳಗಿನ ಸ್ಕ್ರೂ ಹಾಳುಮಾಡಿಕೊಳ್ಳುತ್ತಾರೆ. ಹ್ಯಾಂಡ್ ಬ್ರೇಕಿನ ಯಂತ್ರ ಕ್ಯಾಲಿಪರಿನೊಳಗೇ ಇದೆ, ಆದ್ದರಿಂದ ಪಿಸ್ಟನ್ ಒತ್ತಿದರೆ ಹೋಗದು. ಕ್ಯಾಲಿಪರಿನ ಹಿಂಬದಿಯಲ್ಲಿ 14ರ ಸ್ಪ್ಯಾನರಿಗೆ ಹೊಂದುವ ಒಂದು ಮುಚ್ಚಳದ ಬೋಲ್ಟಿದೆ. ಅದನ್ನು ತೆಗೆದರೆ ಆಯಿಲ್ ಸೋರುವುದಿಲ್ಲ, ಹೆದರಬೇಡಿ. ಒಳಗೆ 4 ಮಿ.ಮೀ. ಆಲನ್ ಕೀ ತೂರಿಸಿ ಅಪ್ರದಕ್ಷಿಣವಾಗಿ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತದೆ, ಹೊಸ ಪ್ಯಾಡಿಗೆ ಜಾಗವಾಗುತ್ತದೆ.

ಪ್ಯಾಡ್, ಡಿಸ್ಕ್, ಬ್ರ್ಯಾಕೆಟ್, ಹೋಸ್ ಎಲ್ಲ ಕೂತ ಮೇಲೆ ಅದೇ ಕೀಯನ್ನು ಪ್ರದಕ್ಷಿಣವಾಗಿ ತಿರುಗಿಸಿ ಪ್ಯಾಡ್ ಡಿಸ್ಕನ್ನು ಕಚ್ಚುವ ತನಕ ತನ್ನಿ. ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಡಿಸ್ಕ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಮುಚ್ಚಳದ ಬೋಲ್ಟ್ ಹಾಕಿ.

ಇದನ್ನು ಏರ್ ತೆಗೆಯುವ ಮೊದಲೇ ಮಾಡಬೇಕು. ಹಿಂದಿನ ಪ್ಯಾಡ್ ದೂರ ನಿಂತಿದ್ದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಗಾಳಿ ಉಳಿದಿದೆ ಎಂದುಕೊಂಡು ಡಬ್ಬಿಗಟ್ಟಲೆ ಆಯಿಲ್ ಸುರಿದರೂ ಪೆಡಲ್ ಗಟ್ಟಿಯಾಗದು. ಆಮೇಲೆ ಕೇಬಲ್ ಸಿಕ್ಕಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಐದರಿಂದ ಏಳು ಕಟಕಟ ಸದ್ದಿನೊಳಗೆ ಗಾಡಿಯನ್ನು ಹಿಡಿಯಬೇಕು. ಹೆಚ್ಚಾದರೆ ಮೊದಲು ಕ್ಯಾಲಿಪರಿನ ಹೊಂದಿಕೆ ನೋಡಿ, ಆಮೇಲೆ ಕೇಬಲ್ಲಿನದು.

ಹಂತ 5: ಏರ್ ತೆಗೆಯುವುದು

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ಅಮೆರಿಕದ, ಸ್ಟೀರಿಂಗ್ ಎಡಕ್ಕಿರುವ ಗಾಡಿಯಲ್ಲಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಬ್ರಿಟನ್, ಆಸ್ಟ್ರೇಲಿಯಾ, ಜಪಾನಿನ ಗಾಡಿಯಾದರೆ ಎಡ-ಬಲ ಅದಲುಬದಲು.

ಒಬ್ಬರು ಪೆಡಲಿನಲ್ಲಿ, ಒಬ್ಬರು ಚಕ್ರದ ಬಳಿ. ನಿಪ್ಪಲ್ಲಿಗೆ ಪೈಪ್ ಸಿಕ್ಕಿಸಿ ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಪೆಡಲಿನಲ್ಲಿರುವವರು ನಿಧಾನ ಒತ್ತಿ ಹಿಡಿದು ‘ಒತ್ತಿದೆ’ ಎನ್ನಬೇಕು. ನೀವು ಕಾಲು ಸುತ್ತು ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿದು ‘ಬಿಡಿ’ ಎನ್ನಬೇಕು. ನಿಪ್ಪಲ್ ಬಿಗಿಯುವ ಮೊದಲು ಕಾಲು ತೆಗೆದರೆ ಗಾಳಿ ಮತ್ತೆ ಒಳಸೇರುತ್ತದೆ. ಗುಳ್ಳೆ ನಿಂತು ಹೊಸ ಆಯಿಲಿನ ತಿಳಿ ಬಣ್ಣ ಬರುವ ತನಕ ಮುಂದುವರಿಸಿ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಓಡಾಡದ ಕೊನೆಯ ಭಾಗ ಒರಟಾಗಿರುತ್ತದೆ. ಪೆಡಲನ್ನು ನೆಲದ ತನಕ ತುಳಿದರೆ ಸೀಲ್ ಅಲ್ಲಿ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು ಅದು ಪೂರ್ತಿ ಇಳಿಯದಂತೆ ತಡೆಯಿರಿ.

ಮುಗಿದಾಗ ಪೆಡಲ್ ಕಲ್ಲಿನಂತೆ ಗಟ್ಟಿ ನಿಲ್ಲಬೇಕು. ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಸೋತಿದೆ. ಅಂಥ ಗಾಡಿಯನ್ನು ರಸ್ತೆಗೆ ತರಬೇಡಿ. ಎಲ್ಲ ಸರಿಯಿದ್ದರೆ ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ 88ರಿಂದ 118 ನ್ಯೂಟನ್ ಮೀಟರ್ ಬಿಗಿಯಿರಿ.

ಹಂತ 6: ಪ್ಯಾಡ್ ಹದಗೊಳಿಸುವುದು

ಮೊದಲು ಮನೆಯ ಮುಂದೆಯೇ ನಡಿಗೆಯ ವೇಗದಲ್ಲಿ ಹಲವು ಸಲ ನಿಲ್ಲಿಸಿ ನೋಡಿ. ಬ್ರೇಕ್ ನಂಬಿಕೆ ಬಂದ ಮೇಲೆ ಜನ ಸಂಚಾರವಿಲ್ಲದ ನೇರ ರಸ್ತೆಗೆ ಹೋಗಿ. ಪ್ಯಾಡ್ ಮಾಡಿದವರು ತಮ್ಮದೇ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಗಂಟೆಗೆ 60 ಕಿ.ಮೀ. ವೇಗದಿಂದ 15ಕ್ಕೆ, ಗಟ್ಟಿಯಾಗಿ ಆದರೆ ಚಕ್ರ ಲಾಕ್ ಆಗದಂತೆ, ಎಂಟ್ಹತ್ತು ಸಲ ಇಳಿಸಿ. ನಡುವೆ ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡ್ ಒಂದೇ ಜಾಗದಲ್ಲಿ ಒತ್ತಿ ನಿಂತರೆ ಡಿಸ್ಕಿನ ಮೇಲೆ ಅಲ್ಲಿ ಕಲೆ ಉಳಿಯುತ್ತದೆ, ಮುಂದೆ ಅದೇ ನಡುಕಕ್ಕೆ ಕಾರಣ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಿ, ಮನೆಗೆ ಬಂದು ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ. ಡಿಸ್ಕಿನ ಮೇಲೆ ಒಂದೇ ಸಮನಾದ ಬೂದುಬಣ್ಣದ ಪದರ ಕಂಡರೆ ಹದ ಸರಿಯಾಗಿದೆ.

ಒದ್ದೆಯಾದ ಖಾಲಿ ಜಾಗದಲ್ಲಿ ಒಮ್ಮೆ ಪೂರ್ತಿ ಬ್ರೇಕ್ ಹಾಕಿ, ಹೊರಗೆ ನಿಂತವರೊಬ್ಬರು ಯಾವ ಚಕ್ರ ಮೊದಲು ಲಾಕ್ ಆಗುತ್ತದೆ ಎಂದು ನೋಡಲಿ. ಎಬಿಎಸ್ ಇಲ್ಲದ ಗಾಡಿಯಲ್ಲಿ ಮುಂದಿನದೇ ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲಾದರೆ ಮುಂದಿನ ಕ್ಯಾಲಿಪರ್ ಪಿನ್ ಕಚ್ಚಿದೆಯೇ, ಮುಂದೆ ಗಾಳಿ ಉಳಿದಿದೆಯೇ, ಮುಂದಿನ ಪ್ಯಾಡಿಗೆ ಗ್ರೀಸ್ ತಾಗಿದೆಯೇ ಎಂದು ಬಿಚ್ಚಿ ನೋಡಿ.

ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ, ಹೋಸಿನ ಕೀಲಿಗಳನ್ನು ಬಿಳಿ ಕಾಗದದಿಂದ ಒರೆಸಿ ಸೋರಿಕೆ ಇದೆಯೇ ನೋಡಿ. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಡಿಸ್ಕನ್ನು ಮುಟ್ಟಬೇಡಿ. ಮುಂದಿನವು ಹೆಚ್ಚು ಬಿಸಿ ಇರುವುದು ಸಹಜ. ಆದರೆ ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಒಂದು ಬದಿಯ ಕ್ಯಾಲಿಪರ್ ಬಿಡುತ್ತಿಲ್ಲ ಎಂದರ್ಥ, ಅದರ ಪಿನ್ನುಗಳಿಂದ ಹುಡುಕಲು ಶುರುಮಾಡಿ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ಹೋಗುವವರು ಇನ್ನೂ ಬೇಗ, ಬದಲಿಸಿ.